ಮುಚ್ಚಳದ ಸದ್ದು

ಟಣ್ಣಕ್ಕನಿಗೆ ಆ ಹೆಸರು ಬಿದ್ದದ್ದು ಕಾರ್ಖಾನೆಯಲ್ಲಿ. ಹಣ್ಣು ತರಕಾರಿ ಬೇಯಿಸಿ ಬಾಟಲಿಗೆ ತುಂಬುವ ಕಾರ್ಖಾನೆ ಅದು. ಜಾಮು, ಚಟ್ನಿ, ಸಾಸು ಯಾವುದೇ ಇರಲಿ, ಮುಚ್ಚಳ ಬಿಗಿದ ಬಾಟಲಿಗಳು ಕುದಿನೀರಿನ ತೊಟ್ಟಿಯಲ್ಲಿ ಮಿಂದೆದ್ದು, ಆರಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅವಳ ಕೈಯಲ್ಲೊಂದು ಗೇಣುದ್ದದ ಉಕ್ಕಿನ ಕಡ್ಡಿ. ಅದರಿಂದ ಒಂದೊಂದೇ ಮುಚ್ಚಳದ ನೆತ್ತಿಗೆ ಮೆಲ್ಲಗೆ ತಟ್ಟುವುದು, ಸದ್ದು ಕೇಳುವುದು, ಅಷ್ಟೇ ಕೆಲಸ. ಒಳಗೆ ಗಾಳಿಯಿಲ್ಲದೆ ಬಿಗಿಯಾಗಿ ಕೂತ ಮುಚ್ಚಳ ‘ಟಣ್’ ಅನ್ನುತ್ತದೆ. ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದು ಗಾಳಿ ನುಗ್ಗಿದ್ದರೆ ‘ದಬ್’ ಅನ್ನುತ್ತದೆ. ಟಣ್ ಅಂದದ್ದು ಲಾರಿಗೆ, ದಬ್ ಅಂದದ್ದು ತಿಪ್ಪೆಗೆ. ಇಪ್ಪತ್ತೊಂಬತ್ತು ವರ್ಷ ಹೀಗೆ ತಟ್ಟಿದಳು. ಪಕ್ಕದಲ್ಲೇ ತೊಳೆಯುವ ಯಂತ್ರ ಗಡಗಡ ಅಲುಗುತ್ತಿತ್ತು, ಬೆನ್ನ ಹಿಂದೆ ಖಾಲಿ ಬಾಟಲಿಗಳು ಒಂದಕ್ಕೊಂದು ಬಡಿದುಕೊಂಡು ಜಗಳಾಡುತ್ತಿದ್ದವು. ಆದರೂ ಅವಳ ಕಿವಿ ತಪ್ಪುತ್ತಿರಲಿಲ್ಲ. “ಟಣ್ಣಕ್ಕ ಗಂಡನ ಮಾತು ಕೇಳ್ತಾಳೋ ಇಲ್ವೋ, ಮುಚ್ಚಳದ ಮಾತಂತೂ ಕೇಳ್ತಾಳೆ” ಎಂದು ಮೇಜಿನ ಆಚೆ ಕಡೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಗಂಡ ಅದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಅವನೂ ಆ ನಗೆಯಲ್ಲಿ ಸೇರಿಕೊಳ್ಳುತ್ತಿದ್ದ.

ಕಾರ್ಖಾನೆ ಬಿಟ್ಟು ಈಗ ಹನ್ನೊಂದು ವರ್ಷ. ಗಂಡ ಹೋಗಿ ನಾಲ್ಕು. ಮಕ್ಕಳು ಆಗಲಿಲ್ಲ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳೊಬ್ಬಳೇ ಇದ್ದಳು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ತುದಿಗೆ ಬಾಗಿಲು, ಬಾಗಿಲ ಹಿಂದೆ ಬಿಸಿಲು ಬೀಳದ ಮೂಲೆಯಲ್ಲಿ ಗಂಡ ಹೊಡೆದುಕೊಟ್ಟ ಮೂರು ಹಲಗೆಗಳು. ಹಲಗೆಗೆ ಹಳೆಯ ಬೆಡ್‌ಶೀಟಿನ ಪರದೆ. ಚಟ್ನಿಗೆ ಬೆಳಕು ಆಗಿಬರುವುದಿಲ್ಲ, ಬಣ್ಣ ಸತ್ತುಹೋಗುತ್ತದೆ ಎಂದು ಅವಳೇ ಹೊಲಿದು ಹಾಕಿದ್ದು.

ಟೊಮೆಟೊ ಚೆನ್ನಾಗಿ ಹಣ್ಣಾಗಿ ಬರುವ ಕಾಲದಲ್ಲಿ ವರ್ಷಕ್ಕೊಮ್ಮೆ ಅವಳು ಚಟ್ನಿ ಮಾಡುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ಒಂದು ಸಲಕ್ಕೆ ಏಳು ಬಾಟಲಿ ಕುದಿಯುತ್ತವೆ, ಎರಡು ಸಲಕ್ಕೆ ಹದಿನಾಲ್ಕು. ಮೂರು ತನಗೆ ಇಟ್ಟುಕೊಂಡು ಹನ್ನೊಂದನ್ನು ಹಂಚಿಬಿಡುತ್ತಿದ್ದಳು. ಕೆಳಗಿನ ಟೈಲರಮ್ಮನಿಗೆ, ಹಾಲಿನವಳಿಗೆ, ಕಾರ್ಖಾನೆಯಲ್ಲಿ ಜೊತೆಗಿದ್ದ ಹಳಬರಿಗೆ, ಪಿಂಚಣಿ ಕಾಗದ ಬರೆದುಕೊಟ್ಟ ಗುಮಾಸ್ತನಿಗೆ. ಒಂದು ಕಟ್ಟಳೆ ಮಾತ್ರ ಇತ್ತು. ಬಾಟಲಿಯನ್ನು ಅವಳೇ ಹೋಗಿ ಕೊಟ್ಟು ಬರುವಳು. ಖಾಲಿಯಾದ ಬಾಟಲಿಯನ್ನು ಅವರೇ ತೊಳೆದು ತಂದುಕೊಡಬೇಕು. ಹನ್ನೊಂದು ಬಾಟಲಿ ಅಂದರೆ ವರ್ಷಕ್ಕೆ ಇಪ್ಪತ್ತೆರಡು ಸಲ ಯಾರಾದರೊಬ್ಬರ ಮುಖ. ಯಾರಿಗೂ ಅವಳು ಈ ಲೆಕ್ಕ ಹೇಳಿರಲಿಲ್ಲ. ಆದರೆ ಆ ಚಟ್ನಿ ಇಲ್ಲದೆ ಹೋದರೆ ತನ್ನ ಮೆಟ್ಟಿಲು ಹತ್ತಲು ಯಾರಿಗೂ ನೆಪವಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷವೂ ಎಲ್ಲ ಕ್ರಮದಂತೆಯೇ ನಡೆಯಿತು. ಟೊಮೆಟೊ ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದಳು. ಈರುಳ್ಳಿ, ಶುಂಠಿ ಸಣ್ಣಗೆ ಹೆಚ್ಚಿದಳು. ವಿನೆಗರ್, ಸಕ್ಕರೆ, ಉಪ್ಪು, ಒಂದು ಹಿಡಿ ಒಣದ್ರಾಕ್ಷಿ, ಖಾರಕ್ಕೆ ಮೆಣಸಿನಕಾಯಿ. ಸಣ್ಣ ಉರಿಯಲ್ಲಿ ಮೂರು ಗಂಟೆ ಕೂತು ತಿರುವಿದಳು. ಮರದ ಸೌಟಿನಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದು ಉಸಿರು ಎಳೆಯುವಷ್ಟು ಹೊತ್ತು ಕೂಡಿಕೊಳ್ಳದೆ ನಿಲ್ಲಬೇಕು, ಆಗ ಹದ. ನಿಂತಿತು. ಬಿಸಿ ಬಾಟಲಿಗೆ ಬಿಸಿ ಚಟ್ನಿ ತುಂಬಿದಳು, ಕಂಠದ ಹತ್ತಿರ ಅರ್ಧ ಬೆರಳು ಜಾಗ ಬಿಟ್ಟಳು, ಅಂಚು ಒರೆಸಿ ಮುಚ್ಚಳ ತಿರುಗಿಸಿದಳು, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ನೀರಲ್ಲಿ ಕುದಿಸಿದಳು. ಕೊನೆಗೆ ಹದಿನಾಲ್ಕನ್ನೂ ಒಣ ಟವಲ್ಲಿನ ಮೇಲೆ ಇಟ್ಟು ಸ್ಟೂಲು ಎಳೆದುಕೊಂಡು ಕೂತಳು.

ಹೀಗೆ ಕೂರುವುದೇ ಆ ದಿನದ ಸುಖ. ಬಾಟಲಿ ಆರುತ್ತ ಆರುತ್ತ ಒಳಗಿನ ಬಿಸಿ ಇಳಿದು ಮುಚ್ಚಳದ ನಡು ಒಳಕ್ಕೆ ಜಗ್ಗಿಕೊಳ್ಳುತ್ತದೆ. ಜಗ್ಗಿಕೊಳ್ಳುವಾಗ ‘ಟಕ್’ ಎಂದು ಒಂದು ಸದ್ದು. ಗಂಡ ಇದ್ದಾಗ ಇಬ್ಬರೂ ಚಹಾ ಹಿಡಿದು ಕೂರುತ್ತಿದ್ದರು.

“ಒಂದಾಯ್ತು ಕಣೇ” ಅನ್ನುವನು.

“ಅದು ನಿಮ್ಮ ಮಂಡಿ ರೀ, ಮುಚ್ಚಳ ಅಲ್ಲ” ಅನ್ನುವಳು.

ಅವನು ಹೋದ ಮೇಲೆ ಅವಳೊಬ್ಬಳೇ ಎಣಿಸುತ್ತಿದ್ದಳು. ಹೋದ ವರ್ಷ ಹದಿನಾಲ್ಕರಲ್ಲಿ ಆರು ಮಾತ್ರ ಲೆಕ್ಕಕ್ಕೆ ಸಿಕ್ಕಿದ್ದವು. ತೂಕಡಿಸಿರಬೇಕು ಅಂದುಕೊಂಡಿದ್ದಳು. ಈ ವರ್ಷ ತೂಕಡಿಸಬಾರದೆಂದು ಮುಖ ತೊಳೆದುಕೊಂಡು ಬಂದು ಕೂತಳು. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು. ಚಹಾ ತಣ್ಣಗಾಯಿತು. ಒಂದು ಬಾಟಲಿಯೂ ಬಾಯಿ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಉಕ್ಕಿನ ಕಡ್ಡಿ ತೆಗೆದಳು. ನಿವೃತ್ತಿಯ ದಿನ ಕಾರ್ಖಾನೆಯವರು ಹಾರ, ಗಡಿಯಾರ ಕೊಟ್ಟಿದ್ದರು. ಕಡ್ಡಿಯನ್ನು ಅವಳೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಮೊದಲ ಮುಚ್ಚಳಕ್ಕೆ ತಟ್ಟಿದಳು. ದಬ್. ಎರಡನೆಯದಕ್ಕೆ ತಟ್ಟಿದಳು. ದಬ್. ಹದಿನಾಲ್ಕೂ ಒಂದೇ ಸಮ, ಒದ್ದೆ ಮರಕ್ಕೆ ಬಡಿದ ಹಾಗೆ. ಮುಚ್ಚಳಗಳ ನಡು ತಗ್ಗಿದಂತೇನೋ ಕಾಣುತ್ತಿತ್ತು. ಆದರೆ ಕಣ್ಣನ್ನು ನಂಬಬಾರದು, ತಿರುಗಿಸುವಾಗ ಅಂಗೈ ಒತ್ತಿದ್ದರೂ ಮುಚ್ಚಳ ತಗ್ಗಿ ಕೂರುತ್ತದೆ ಎಂದು ಎಷ್ಟು ಜನ ಹೊಸಬರಿಗೆ ಅವಳೇ ಪಾಠ ಹೇಳಿದ್ದಳು. ಕಿವಿ ಹೇಳಿದ್ದೇ ಕೊನೆ.

ಅದೇ ಕಟ್ಟಿನಲ್ಲಿ ಉಳಿದಿದ್ದ ಮುಚ್ಚಳಗಳನ್ನು ಚೀಲಕ್ಕೆ ಹಾಕಿಕೊಂಡು, ಮುಚ್ಚಳ ಮಾರುವ ಪಾತ್ರೆ ಅಂಗಡಿಗೆ ಹೋದಳು.

“ಏನಪ್ಪಾ, ಇಂಥ ಮುಚ್ಚಳ ಕೊಟ್ಟಿದೀಯ. ಒಂದಾದ್ರೂ ಹಿಡೀಬೇಡ್ವಾ?”

ಅಂಗಡಿಯವನು ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿ ಏನೋ ಅಂದ.

“ಬಾಯಲ್ಲಿ ಏನಿಟ್ಕೊಂಡಿದೀಯ? ಸ್ವಲ್ಪ ಬಿಡಿಸಿ ಹೇಳು.”

“ರಬ್ಬರೆಲ್ಲ ಚೆನ್ನಾಗೇ ಇದೆ ಅಮ್ಮಾ, ಬೇರೆ ಯಾರೂ ಹೀಗೆ ಹೇಳಿಲ್ಲ ಅಂದೆ” ಎಂದು ಅವನು ಗಟ್ಟಿಯಾಗಿ ಹೇಳಿದ. ಪಕ್ಕದಲ್ಲಿ ಕುಕ್ಕರ್ ನೋಡುತ್ತಿದ್ದ ಹೆಂಗಸು ಇತ್ತ ತಿರುಗಿದಳು.

“ಬೇರೆಯವರಿಗೆ ಏನು ಗೊತ್ತು, ನಾನು ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದೋಳು” ಎಂದಳು ಟಣ್ಣಕ್ಕ. ಅವನು ಬೇರೆ ಪೆಟ್ಟಿಗೆಯಿಂದ ಹೊಸ ಮುಚ್ಚಳಗಳನ್ನು ಬದಲಿಸಿಕೊಟ್ಟ. ದಾರಿಯುದ್ದಕ್ಕೂ ಅವಳು ಗೊಣಗಿಕೊಂಡೇ ಬಂದಳು. ಈಗಿನವರಿಗೆ ಮಾತೂ ಸರಿಯಾಗಿ ಆಡಲು ಬರುವುದಿಲ್ಲ, ಎಲ್ಲ ನುಂಗಿ ನುಂಗಿ ಆಡುತ್ತಾರೆ. ರೇಡಿಯೋದವರೂ ಹಾಗೇ ಆಗಿಬಿಟ್ಟಿದ್ದಾರೆ. ಆ ತಿಂಗಳು ಎರಡು ಸಲ ಸೆಲ್ಲು ಬದಲಿಸಿದ್ದಳು, ಆದರೂ ಅದು ಸೋತ ದನಿಯಲ್ಲೇ ಗುನುಗುತ್ತಿತ್ತು.

ಹದಿನಾಲ್ಕನ್ನೂ ಬಿಚ್ಚಿದಳು. ಮುಚ್ಚಳಗಳು ಜಪ್ಪಯ್ಯ ಅಂದರೂ ಬರಲೊಲ್ಲವು. ಮಣಿಕಟ್ಟು ನೋಯಿತು. ಚಮಚದ ತುದಿ ತೂರಿಸಿ ಎಬ್ಬಿಸಬೇಕಾಯಿತು. ಕೈಯಲ್ಲಿ ಕಸುವು ಉಳಿದಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಚಟ್ನಿಯನ್ನು ಮತ್ತೆ ಪಾತ್ರೆಗೆ ಸುರಿದು ಕುದಿಸಿ, ಬಾಟಲಿ ತೊಳೆದು ಕಾಯಿಸಿ, ಹೊಸ ಮುಚ್ಚಳ ಹಾಕಿ, ಇನ್ನೊಂದು ದಿನ ಪೂರ್ತಿ ಒಲೆಯ ಮುಂದೆ ನಿಂತಳು. ಬೆಳಿಗ್ಗೆ ಎದ್ದವಳೇ ತಟ್ಟಿದಳು.

ದಬ್.

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ, ಸ್ಟೂಲು ಎಳೆದುಕೊಂಡು ಕೂತಳು. ಮುಚ್ಚಳದ ತಪ್ಪಲ್ಲ ಅಂದಮೇಲೆ ಕೈಯ ತಪ್ಪು. ಎಲ್ಲೋ ಏನೋ ಮರೆಯುತ್ತಿದ್ದೇನೆ, ಏನು ಮರೆಯುತ್ತಿದ್ದೇನೆಂಬುದೂ ತಿಳಿಯದಷ್ಟು ಮರೆಯುತ್ತಿದ್ದೇನೆ ಅನ್ನಿಸಿತು. ಗಾಳಿ ಹೊಕ್ಕ ಬಾಟಲಿಯನ್ನು ಇನ್ನೊಬ್ಬರ ಮನೆಗೆ ಕೊಡುವುದುಂಟೇ? ಮೇಲೆ ನೋಡಲು ಕೆಂಪಗೆ ಚೆನ್ನಾಗಿರುತ್ತದೆ, ತಿಂದವರ ಹೊಟ್ಟೆ ಕೆಡುತ್ತದೆ. ಟಣ್ಣಕ್ಕನ ಕೈಯಿಂದ ದಬ್ ಅನ್ನುವ ಬಾಟಲಿ ಹೊರಗೆ ಹೋಗಿದ್ದಿಲ್ಲ. ಹನ್ನೊಂದು ಮನೆಯ ಬಾಗಿಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಮುಚ್ಚಿಕೊಂಡವು. ಎದ್ದು ಬಚ್ಚಲಿಗೆ ಹೋಗಿ ಮೊದಲ ಬಾಟಲಿ ಬಿಚ್ಚಿ ಸುರಿದಳು.

ಒಂಬತ್ತು ಸುರಿದಾಗಿತ್ತು. ಹತ್ತನೆಯದನ್ನು ತರಲು ಹಿಂದಿರುಗಿದರೆ ಅಡುಗೆಮನೆಯ ನಡುವೆ ಟೈಲರಮ್ಮ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡಿದ್ದಳು.

ಟಣ್ಣಕ್ಕ ಬೆಚ್ಚಿಬಿದ್ದಳು. “ಏನಮ್ಮಾ, ಕಳ್ಳಿ ಥರ ಬರ್ತೀಯ? ಬಾಗಿಲು ತಟ್ಟಬಾರದಾ?”

“ತಟ್ಟಬಾರದಾ?” ಟೈಲರಮ್ಮ ಹತ್ತಿರ ಬಂದಳು. “ಅಕ್ಕಾ, ತಟ್ಟಿ ತಟ್ಟಿ ಗೆಣ್ಣು ಕೆಂಪಗಾಯ್ತು ನೋಡಿ. ಕೂಗಿದೆ, ಬಾಗಿಲಿಗೆ ಒದ್ದೆ. ಏನಾಯ್ತೋ ಅಂತ ಜೀವ ಬಾಯಿಗೆ ಬಂದು ನೂಕ್ಕೊಂಡು ಬಂದೆ. ನಿಮ್ಮ ಬಚ್ಚಲ ಕೊಳವೆ ನನ್ನ ಕಿಟಕಿ ಪಕ್ಕದಲ್ಲೇ ಇಳಿಯೋದು. ಅಂಗಡಿ ತುಂಬ ವಿನೆಗರ್ ಘಾಟು. ಕೋಟು ಹೊಲಿಸೋಕೆ ಬಂದವರು, ಇದನ್ನ ಉಪ್ಪಿನಕಾಯಿ ಹಾಕ್ತೀರಾ ಅಂತ ಕೇಳ್ತಾ ಇದಾರೆ.”

ಅಷ್ಟರಲ್ಲಿ ಅವಳ ಕಣ್ಣು ಖಾಲಿ ಬಾಟಲಿಗಳ ಮೇಲೆ ಬಿತ್ತು. “ಅಯ್ಯೋ, ಚಟ್ನಿ ಯಾಕೆ ಚೆಲ್ತಿದೀರಿ?”

“ಹಿಡಿದಿಲ್ಲ. ಒಂದೂ ಹಿಡಿದಿಲ್ಲ” ಎಂದಳು ಟಣ್ಣಕ್ಕ. ಮಾತಿಗಿಂತ ತೋರಿಸುವುದೇ ಸುಲಭವೆಂದು ಕಡ್ಡಿ ತೆಗೆದು ಉಳಿದ ಐದರಲ್ಲಿ ಒಂದಕ್ಕೆ ತಟ್ಟಿದಳು. “ಕೇಳ್ದೆಯಾ? ಸತ್ತ ಸದ್ದು.”

ಟೈಲರಮ್ಮ ಬಾಟಲಿಯನ್ನೂ ಅವಳ ಮುಖವನ್ನೂ ನೋಡಿದಳು. “ಇನ್ನೊಂದು ಸಲ ತಟ್ಟಿ.”

ತಟ್ಟಿದಳು.

“ಅಕ್ಕಾ, ಸೈಕಲ್ ಗಂಟೆ ಥರ ಕೇಳಿಸ್ತಿದೆಯಲ್ಲ.”

“ನಿನಗೇನು ಗೊತ್ತು. ಗೋಡೆ ಕಡೆ ತಿರುಗಿ ನಿಂತ್ಕೊ. ಗಂಟೆ ಥರ ಕೇಳಿದ್ರೆ ಒಂದು ಬೆರಳು, ಕದ ಬಡಿದ ಹಾಗಿದ್ರೆ ಎರಡು ಬೆರಳು ಎತ್ತು.”

ಟೈಲರಮ್ಮ ತಿರುಗಿ ನಿಂತಳು. ಟಣ್ಣಕ್ಕ ಬಿಚ್ಚಿದ ಬಾಟಲಿಯೊಂದಕ್ಕೆ ಮುಚ್ಚಳ ಸಡಿಲವಾಗಿ ಕೂರಿಸಿ ತಟ್ಟಿದಳು. ಆಮೇಲೆ ಬಿಚ್ಚದಿದ್ದುದಕ್ಕೆ ತಟ್ಟಿದಳು. ಮತ್ತೆ ಅದಲು ಬದಲು ಮಾಡಿ ತಟ್ಟಿದಳು. ಅವಳ ಕಿವಿಗೆ ಎರಡೂ ಒಂದೇ ಹಗ್ಗದ ಎರಡು ತುದಿಯ ಹಾಗೆ, ಏನೂ ವ್ಯತ್ಯಾಸವಿಲ್ಲ. ಟೈಲರಮ್ಮ ಮಾತ್ರ ಪ್ರತಿ ಸಲವೂ ಬೆರಳು ಎತ್ತಿ ತೋರಿಸಿದಳು, ಇದು ಗಂಟೆ, ಇದು ಕದ, ಇದು ಗಂಟೆ. ಒಂದು ಸಲವೂ ತಪ್ಪಲಿಲ್ಲ.

ಕಡ್ಡಿ ಕೈಯಲ್ಲೇ ಉಳಿಯಿತು. ಟೈಲರಮ್ಮನ ಬೆನ್ನು ಇನ್ನೂ ಇತ್ತಲೇ ಇತ್ತು. ಕೊರಳ ಟೇಪು ಸ್ವಲ್ಪ ಅಲುಗಿತು, ಅವಳು ಏನೋ ಮಾತಾಡುತ್ತಿರಬೇಕು. ಒಂದಕ್ಷರವೂ ಕೇಳಲಿಲ್ಲ. ಅವಳು ತಿರುಗಿ ಉತ್ತರಕ್ಕಾಗಿ ಕಾದಾಗಲೇ ಟಣ್ಣಕ್ಕನಿಗೆ ಎಲ್ಲ ತಿಳಿದುಹೋಯಿತು. ಯಂತ್ರದ ಗಡಗಡ ಅಷ್ಟೂ ವರ್ಷ ಕಿವಿಯನ್ನು ಚೂರು ಚೂರೇ ತಿಂದಿತ್ತು. ಗಂಡ ಇದ್ದಿದ್ದರೆ ಎಂದೋ, ಏನೇ, ಎರಡೆರಡು ಸಲ ಕೂಗಬೇಕಲ್ಲ ನಿನ್ನ, ಎಂದು ಹೇಳಿಬಿಡುತ್ತಿದ್ದ. ಈ ಮನೆಯಲ್ಲಿ ಕರೆಯುವವರು ಯಾರಿದ್ದರು? ಕೇಳಿಸುವುದಿಲ್ಲ ಎಂದು ಗೊತ್ತಾಗಬೇಕಾದರೂ ಯಾರಾದರೂ ಒಬ್ಬರು ಮಾತಾಡಿಸಬೇಕಲ್ಲ.

“ಅದಕ್ಕೇ ರೇಡಿಯೋ ಅಷ್ಟು ಜೋರಾ?” ಟೈಲರಮ್ಮ ಈಗ ಅವಳ ಮುಖದ ಎದುರೇ ನಿಂತು ಬಾಯಿ ಅಗಲಿಸಿ ಕೇಳಿದಳು. “ನಾನು, ಒಬ್ಬರೇ ಇರ್ತಾರೆ, ಬೇಜಾರಿಗೆ ಹಾಕ್ಕೋತಾರೆ ಅಂತ ಸುಮ್ಮನಿದ್ದೆ. ಮುಂದಿನ ವಾರ ಅಂಗಡಿ ರಜೆ. ಕಿವಿ ಡಾಕ್ಟರ ಹತ್ತಿರ ಹೋಗೋಣ, ಆಯ್ತಾ?”

“ಆಯ್ತು. ನೀನು ಹೋಗು, ಗಿರಾಕಿಗಳು ಕಾಯ್ತಿರ್ತಾರೆ.”

“ಉಳಿದಿದ್ದನ್ನ ಚೆಲ್ಲಬೇಡಿ. ನನ್ನ ಬಾಟಲಿ ನನಗೆ ಬೇಕು” ಎಂದು ಟೈಲರಮ್ಮ ಒಂದನ್ನು ಸೊಂಟಕ್ಕೆ ಇರುಕಿಕೊಂಡೇ ಇಳಿದು ಹೋದಳು.

ಬಚ್ಚಲಿನ ಜಾಲರಿಯಲ್ಲಿ ಒಣದ್ರಾಕ್ಷಿಗಳು ಸಿಕ್ಕಿಕೊಂಡಿದ್ದವು. ಟಣ್ಣಕ್ಕ ಕೂತು ಅವನ್ನು ಬೆರಳಿನಿಂದ ಹೆಕ್ಕಿದಳು. ಒಂಬತ್ತು ಒಳ್ಳೆಯ ಬಾಟಲಿ. ಎಲ್ಲ ಮುಗಿಸಿ, ಕೈ ಒರೆಸಿಕೊಂಡು, ಉಳಿದ ನಾಲ್ಕರ ಮುಂದೆ ನಿಂತಳು. ಕಡ್ಡಿ ಮುಟ್ಟಲಿಲ್ಲ. ಹೆಬ್ಬೆರಳನ್ನು ಮೊದಲ ಮುಚ್ಚಳದ ನಡುವೆ ಇಟ್ಟು ಒತ್ತಿದಳು. ಅಲುಗಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು, ಯಾವುದೂ ಅಲುಗಲಿಲ್ಲ. ಬಿಚ್ಚಿದ ಬಾಟಲಿಯ ಮುಚ್ಚಳ ಒತ್ತಿದಳು. ಅದು ಬೆರಳ ಕೆಳಗೆ ತಗ್ಗಿ, ಬಿಟ್ಟೊಡನೆ ಪುಟಿದು ಎದ್ದಿತು. ಇಷ್ಟು ಸಲೀಸು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತು ವರ್ಷದ ಹಿಂದೆಯೇ ಕಣ್ಣಾರೆ ಕಂಡಿದ್ದಳು, ಕಂಡು ಬೇಡ ಅಂದಿದ್ದಳು.

ಕಾರ್ಖಾನೆಯಲ್ಲಿ ಒಬ್ಬಳಿದ್ದಳು, ಹುಟ್ಟಿದಾಗಿನಿಂದ ಕಿವಿ ಕೇಳದವಳು. ಮಾತೂ ಇರಲಿಲ್ಲ. ಯಾರು ಏನಂದರೂ ನಗುತ್ತಿದ್ದಳು. ಹೆಂಗಸರು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದರು. ಬಾಟಲಿ ಒರೆಸುವುದು ಅವಳ ಕೆಲಸ. ಟಣ್ಣಕ್ಕನ ಮೇಜಿನ ತುದಿಯಲ್ಲಿ ನಿಂತು ಒರೆಸುತ್ತಿದ್ದಳು. ಒಂದು ದಿನ ಊಟದ ಗಂಟೆಗೆ ಸ್ವಲ್ಪ ಮುಂಚೆ ಅವಳು ಒರೆಸುತ್ತ ಒರೆಸುತ್ತ ಹೆಬ್ಬೆರಳಿನಿಂದ ಮುಚ್ಚಳಗಳನ್ನು ಒತ್ತಿ ನೋಡಿ, ಟಣ್ಣಕ್ಕ ಪಾಸು ಮಾಡಿದ ಸಾಲಿನಿಂದ ಎರಡು ಬಾಟಲಿ ಎತ್ತಿ ಬೇರೆ ಇಟ್ಟಳು. ಮೇಲ್ವಿಚಾರಕ ನೋಡುತ್ತ ನಿಂತಿದ್ದ.

“ಏನಕ್ಕಾ, ಈ ಹುಡುಗಿ ನಿಮ್ಮ ಕೆಲಸ ಕಲಿತುಬಿಟ್ಟಳಲ್ಲ” ಎಂದು ಅವನು ತಮಾಷೆ ಮಾಡಿದ.

ಟಣ್ಣಕ್ಕನಿಗೆ ಮೈಯೆಲ್ಲ ಉರಿಯಿತು. “ಹೆಬ್ಬೆರಳಲ್ಲೇ ಆಗೋದಾದ್ರೆ ನಾನ್ಯಾಕೆ ಇಲ್ಲಿ? ಇವಳನ್ನೇ ನಿಲ್ಲಿಸ್ಕೊಳ್ಳಿ. ನಾಳೆ ಲಾರಿಯಿಂದ ಬಾಟಲಿ ವಾಪಸ್ಸು ಬಂದ್ರೆ ನನ್ನ ಕೇಳಬೇಡಿ” ಅಂದಳು. ಅವನು ಹೆದರಿದ. ಮೌನಗೌರಿಯನ್ನು ಅವತ್ತೇ ಹಿಂಬದಿಯ ತೊಳೆಯುವ ತೊಟ್ಟಿಯ ಕೆಲಸಕ್ಕೆ ಹಾಕಿದರು. ವರ್ಷವಿಡೀ ಒದ್ದೆ ನೆಲ, ಒದ್ದೆ ಕೈ.

ಎಲ್ಲರೂ ಊಟಕ್ಕೆ ಹೋದ ಮೇಲೆ ಟಣ್ಣಕ್ಕ ಆ ಎರಡು ಬಾಟಲಿಗಳನ್ನು ಮತ್ತೆ ತಟ್ಟಿ ನೋಡಿದ್ದಳು. ಒಂದು ಟಣ್ ಅಂದಿತು. ಇನ್ನೊಂದು ದಬ್ ಅಂದಿತು. ದಬ್ ಅಂದದ್ದನ್ನು ಸದ್ದಿಲ್ಲದೆ ತಿಪ್ಪೆಯ ಬುಟ್ಟಿಗೆ ಹಾಕಿ ತಲೆಯೆತ್ತಿದರೆ, ಬಾಗಿಲಲ್ಲಿ ಮೌನಗೌರಿ ತನ್ನ ಒರೆಸುವ ಬಟ್ಟೆ ತೆಗೆದುಕೊಂಡು ಹೋಗಲು ಬಂದು ನಿಂತಿದ್ದಳು. ನೋಡಿದ್ದಳು. ನಕ್ಕಳು. ಬಟ್ಟೆ ತೆಗೆದುಕೊಂಡು ಹೋದಳು. ಟಣ್ಣಕ್ಕ ಆ ಮಾತನ್ನು ಗಂಡನಿಗೂ ಹೇಳಿರಲಿಲ್ಲ.

ಮೂರು ದಿನ ಕಳೆದ ಮೇಲೆ ಅವಳು ಒಂದು ಬಾಟಲಿಯನ್ನು ಟವಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಮೌನಗೌರಿಯ ತಾಯಿ ತೀರಿಕೊಂಡಾಗ ಕಾರ್ಖಾನೆಯ ಹೆಂಗಸರೆಲ್ಲ ಒಟ್ಟಿಗೆ ಆ ಮನೆಗೆ ಹೋಗಿದ್ದರು. ಬಸ್ ಡಿಪೋದ ಹಿಂದಿನ ಬೀದಿ, ಮೂರನೆಯ ಮನೆ, ನೀಲಿ ಕಿಟಕಿ. ಹೋಗಿ ಏನು ಹೇಳುವುದೆಂದು ಬಸ್ಸಿನಲ್ಲಿ ಯೋಚಿಸಿದಳು. ಹೇಳುವುದೇನು, ಇಬ್ಬರಿಗೂ ಕೇಳಿಸುವುದಿಲ್ಲ. ಬಾಟಲಿಯನ್ನು ಅವಳ ಮುಂದೆ ಇಟ್ಟು ಮುಚ್ಚಳ ತೋರಿಸಿದರೆ ಸಾಕು, ಒತ್ತಿ ನೋಡುತ್ತಾಳೆ. ಆಗ ಅರ್ಥವಾಗುತ್ತದೆ.

ಕಿಟಕಿ ನೀಲಿಯೇ ಇತ್ತು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ ಏನೋ ಕೇಳಿದಳು.

“ನನಗೆ ಕಿವಿ ಕೇಳಿಸಲ್ಲಮ್ಮಾ. ಸ್ವಲ್ಪ ಮುಖ ನೋಡಿ ಹೇಳು” ಎಂದಳು ಟಣ್ಣಕ್ಕ. ಈ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಆಕೆ ಬಟ್ಟೆ ಕೆಳಗಿಟ್ಟು ಎದುರಿಗೆ ಬಂದಳು. “ಅವಳು ಹೋಗಿ ಎರಡು ವರ್ಷ ಆಯ್ತು. ತಂಗಿ ಬಂದು ಕರ್ಕೊಂಡು ಹೋದ್ಲು.”

“ಯಾವ ಊರು?”

ಊರಿನ ಹೆಸರು ಮೂರು ಸಲ ಹೇಳಿದರೂ ತುಟಿಯಲ್ಲಿ ಸಿಗಲಿಲ್ಲ. ಆಕೆ ಒಳಗೆ ಹೋಗಿ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಬರೆದು ತಂದುಕೊಟ್ಟಳು. ಟಣ್ಣಕ್ಕ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕೇಳರಿಯದ ಊರು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಎಂದು ಆಕೆ ಬೆರಳಲ್ಲಿ ತೋರಿಸಿದಳು.

“ನೀವು ಅವಳಿಗೆ ಏನಾಗಬೇಕು?”

“ಒಟ್ಟಿಗೆ ಕೆಲಸ ಮಾಡ್ತಿದ್ವಿ.”

“ಅವಳನ್ನ ಕೇಳ್ಕೊಂಡು ಬಂದವರು ನೀವೇ ಮೊದಲು” ಎಂದಳು ಆಕೆ. ಆ ಮಾತು ಮಾತ್ರ ಒಂದಕ್ಷರ ಬಿಡದೆ ತುಟಿಯಿಂದ ಕಣ್ಣಿಗೆ ಬಂದು ಸೇರಿತು.

ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರು ಅವಳಿಗೆ ಏನೋ ಅಂದ. ಚೀಲ ಸರಿಸಿ ಅಂದನೋ, ಮುಂದೆ ಹೋಗಿ ಅಂದನೋ ತಿಳಿಯಲಿಲ್ಲ. ಟಣ್ಣಕ್ಕ ಅವನನ್ನು ನೋಡಿ ನಕ್ಕಳು. ಅವನೂ ನಕ್ಕು ಮುಂದೆ ಹೋದ. ನಗು ಇನ್ನೂ ಮುಖದ ಮೇಲೆ ಇರುವಾಗಲೇ ಅದು ಯಾರ ನಗುವೆಂದು ಅವಳಿಗೆ ಗುರುತು ಸಿಕ್ಕಿತು. ಇಷ್ಟು ವರ್ಷ ಅದನ್ನು ಖುಷಿ ಅಂದುಕೊಂಡಿದ್ದರು ಎಲ್ಲರೂ.

ಉಳಿದ ಮೂರರಲ್ಲಿ ಒಂದು ಹಾಲಿನವಳಿಗೆ ಹೋಯಿತು, ಒಂದು ಗುಮಾಸ್ತನಿಗೆ. ಒಂದನ್ನು ತಾನು ಬಿಚ್ಚಿಕೊಂಡಳು. ಈ ವರ್ಷ ಇಪ್ಪತ್ತೆರಡರ ಬದಲು ಆರು ಮುಖ. ಡಾಕ್ಟರು ಕಿವಿಗೊಂದು ಯಂತ್ರ ಬರೆದುಕೊಟ್ಟರು. ಅದು ಬರುವುದಕ್ಕೆ ಇನ್ನೂ ಕಾಲವಿದೆ, ಬಂದರೂ ಮುಚ್ಚಳದ ಸದ್ದು ಸಿಗುತ್ತದೆಂದು ಅವರು ಮಾತು ಕೊಡಲಿಲ್ಲ. ಟೈಲರಮ್ಮ ಈಗ ಬಾಗಿಲು ತಟ್ಟುವುದಿಲ್ಲ. ಕೆಳಗಿನಿಂದಲೇ ಕಬ್ಬಿಣದ ಮೆಟ್ಟಿಲನ್ನು ಗಜಕೋಲಿನಿಂದ ಬಡಿಯುತ್ತಾಳೆ, ಅದರ ನಡುಕ ನೆಲಕ್ಕೆ ಬಂದು ಟಣ್ಣಕ್ಕನ ಪಾದಕ್ಕೆ ತಿಳಿಯುತ್ತದೆ. ವಾರಕ್ಕೆ ಒಂದು ಸಲ, ಕೆಲವು ವಾರ ಅದೂ ಇಲ್ಲ.

ಮೌನಗೌರಿಯ ಬಾಟಲಿ ಮೇಲಿನ ಹಲಗೆಯಲ್ಲಿ, ಪರದೆಯ ಹಿಂದೆ, ಗೋಡೆಗೆ ಒತ್ತಿ ಕೂತಿದೆ. ಬಾಟಲಿಯ ಕೆಳಗೆ ಕ್ಯಾಲೆಂಡರಿನ ಹಾಳೆ ಮಡಚಿ ಇಟ್ಟಿದ್ದಾಳೆ. ಗಾಜು ಅಂಚೆಯಲ್ಲಿ ಒಡೆಯುತ್ತದೆ. ಅಷ್ಟು ದೂರ ಒಬ್ಬಳೇ ರೈಲು ಹತ್ತುವ ಧೈರ್ಯ ಇನ್ನೂ ಬಂದಿಲ್ಲ, ನಿಲ್ದಾಣದ ಹೆಸರು ಕೂಗಿದರೆ ಕೇಳಬೇಕಲ್ಲ. ಬಿಗಿಯಾಗಿ ಕೂತ ಚಟ್ನಿ ತಂಪು ಕತ್ತಲಲ್ಲಿ ಎರಡು ವರ್ಷಕ್ಕೆ ಮೋಸವಿಲ್ಲ. ಅಷ್ಟರೊಳಗೆ ಹೋಗಬೇಕು. ತಿಂಗಳಿಗೊಮ್ಮೆ ಪರದೆ ಸರಿಸಿ ಹೆಬ್ಬೆರಳನ್ನು ಮುಚ್ಚಳದ ನಡುವೆ ಇಟ್ಟು ಒತ್ತುತ್ತಾಳೆ. ಅಲುಗುವುದಿಲ್ಲ. ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟು, ಪರದೆ ಎಳೆಯುತ್ತಾಳೆ.